ಕರುಳಿನ ಆಪರೇಷನ್ ಆದವರಿಗೆ ಪ್ರೊಬಯಾಟಿಕ್ ಕೊಡಬೇಕಾ, ಅಂಬಲಿ ಸಾಕಾ?

ಅಪ್ಪನವರಿಗೆ ದೊಡ್ಡ ಕರುಳಿನ ಬಲಭಾಗ ತೆಗೆದು ಜೋಡಿಸಿ ಎಂಟು ದಿನ ಆಗಿದೆ, ನಿನ್ನೆ ಹಾವೇರಿಗೆ ಕರೆತಂದಿದ್ದೀರಿ ಅಂತ ಬರೆದಿದ್ದೀರಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಗಾಯ ಬೇಗ ಮಾಯಿಸುತ್ತವೆ ಅಂತ ಸಂಬಂಧಿಕರೊಬ್ಬರು ಅಂಥ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಡಬ್ಬಿ ತಂದುಕೊಟ್ಟಿದ್ದಾರೆ. ಅದನ್ನು ಕೊಡಬೇಕಾ, ಮನೆಯ ಅಂಬಲಿ ಮಜ್ಜಿಗೆ ಸಾಕಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಹುಬ್ಬಳ್ಳಿಯಲ್ಲಿ ಸರ್ಜರಿ ವಾರ್ಡಿನ ಸ್ಟಾಫ್ ನರ್ಸ್. ಹನ್ನೆರಡು ವರ್ಷದಿಂದ ಇದೇ ಕೆಲಸ. ಡಬ್ಬಿಯನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ಆಪರೇಷನ್ ಮಾಡಿದ ಡಾಕ್ಟರು ಬರೆದುಕೊಟ್ಟಿದ್ದರೆ ಮಾತು ಬೇರೆ. ನಿಮ್ಮ ಸಂಬಂಧಿಕರು ಹೇಳಿದ್ದು ಅರ್ಧ ನಿಜ. ಉಳಿದ ಅರ್ಧ ಗೊತ್ತಿಲ್ಲದಿದ್ದರೆ ಈ ವಾರ ನೋಡಬೇಕಾದ್ದನ್ನು ಬಿಟ್ಟು ಬೇರೆ ಕಡೆ ನೋಡುತ್ತಾ ಕೂರುತ್ತೀರಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕರುಳಿನ ಎರಡು ತುದಿಯನ್ನು ದಾರವೋ ಪಿನ್ನೋ ಹಿಡಿದಿಟ್ಟಿರುತ್ತದೆ, ಅಷ್ಟೇ. ಬೆಸೆಯುವುದು ಕೊಲಾಜನ್ ಅನ್ನೋ ನಾರಿನಂಥ ಪ್ರೋಟೀನು. ಮೊದಲ ಮೂರು ನಾಲ್ಕು ದಿನ ಹಳೆಯ ಕೊಲಾಜನ್ ಕರಗುವುದೇ ಜಾಸ್ತಿ, ಹೊಸದು ಹುಟ್ಟುವುದು ಕಡಿಮೆ. ಹಾಗಾಗಿ ಆಪರೇಷನ್ ದಿನಕ್ಕಿಂತ ನಾಲ್ಕನೇ ದಿನ ಆ ಜಾಗ ಇನ್ನೂ ಮೆತ್ತಗಿರುತ್ತದೆ. ಆಮೇಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಇದೆಲ್ಲ ನಡೆಯುವುದು ಎಂಥ ಜಾಗದಲ್ಲಿ ನೋಡಿ. ದೊಡ್ಡ ಕರುಳಿನ ಒಂದು ಗ್ರಾಂ ಮಲದಲ್ಲೇ ಸುಮಾರು 10,000 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ.

ಅವುಗಳಲ್ಲಿ ಹೆಚ್ಚಿನವು ನಮ್ಮವೇ. ನಾವು ಅರಗಿಸಲಾರದ ನಾರನ್ನು ಅವು ಹುಳಿಬರಿಸಿ ಬ್ಯುಟಿರೇಟ್ ಅನ್ನೋ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ. ಅವುಗಳಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಅದರಿಂದಲೇ ಬರುತ್ತದೆ. ಸಂಬಂಧಿಕರ ಮಾತಿನಲ್ಲಿ ನಿಜ ಇರುವುದು ಇಲ್ಲಿ.

ಆದರೆ ಅಲ್ಲೇ ಎಂಟರೊಕಾಕಸ್ ಫೀಕಾಲಿಸ್ ಅಂತ ಒಂದಿದೆ. ಎಲ್ಲರ ಕರುಳಲ್ಲೂ ಇರುತ್ತದೆ, ಸುಮ್ನೆ ಇರುತ್ತದೆ. ಇದರ ಕೆಲವು ತಳಿಗಳು ಕೊಲಾಜನ್ನನ್ನು ಕರಗಿಸುವ ಕಿಣ್ವ ಬಿಡುತ್ತವೆ. 2015ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸರ್ಜನ್ ಜಾನ್ ಅಲ್ವರ್ಡಿ ಅವರ ತಂಡ ಇದನ್ನು ಇಲಿಗಳಲ್ಲಿ ತೋರಿಸಿತು. ಜೋಡಣೆ ಸೋರಿದ, ಅಂದರೆ ಬೆಸೆದ ಜಾಗ ಬಿಟ್ಟುಕೊಂಡು ಕರುಳಿನೊಳಗಿದ್ದದ್ದು ಹೊಟ್ಟೆಗೆ ಹರಿದ ಇಲಿಗಳಲ್ಲಿ ಆ ಜಾಗದಲ್ಲೇ ಇಂಥ ಬ್ಯಾಕ್ಟೀರಿಯಾ ಹೆಚ್ಚಿದ್ದವು. ರಕ್ತನಾಳಕ್ಕೆ ಕೊಡುವ ಮಾಮೂಲಿ ಆಂಟಿಬಯಾಟಿಕ್ಕಿಗೆ ಅವು ಬಗ್ಗಲಿಲ್ಲ. ಕರುಳಿನ ಒಳಗೇ ಔಷಧಿ ಹಾಕಿದಾಗ ಸೋರಿಕೆ ತಪ್ಪಿತು. 1955ರಲ್ಲೇ ಇಸಿಡೋರ್ ಕೋನ್ ಅನ್ನುವ ಅಮೆರಿಕದ ಸರ್ಜನ್ ನಾಯಿಗಳಲ್ಲಿ ಇಂಥದ್ದೇ ಫಲ ಕಂಡಿದ್ದರು. ಇವತ್ತು ಮುಂಚೆಯೇ ದಿನಾಂಕ ಗೊತ್ತುಮಾಡಿದ ದೊಡ್ಡ ಕರುಳಿನ ಆಪರೇಷನ್ನಿಗೆ ಭೇದಿ ಔಷಧಿಯ ಜೊತೆ ನುಂಗುವ ಆಂಟಿಬಯಾಟಿಕ್ಕನ್ನೂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುತ್ತಿದೆ. ಬರೀ ಭೇದಿ ಮಾಡಿಸಿ ಕರುಳು ತೊಳೆದರೆ ಸಾಲದು.

ಆಂಟಿಬಯಾಟಿಕ್ ಆದ ಮೇಲಿನ ಕರುಳು ಹರಗಿ ಬಿಟ್ಟ ಎರೆಹೊಲದ ಹಾಗೆ. ಬಯಲಾದ ನೆಲದಲ್ಲಿ ಮೊದಲು ಏಳುವುದು ಕಸವೇ ಅಲ್ವಾ? ಒಂದು ಡಬ್ಬಿಯ ಒಂದೆರಡು ಜಾತಿ ಬ್ಯಾಕ್ಟೀರಿಯಾ ಆ ಹೊಲವನ್ನೆಲ್ಲ ತುಂಬಲಾರವು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿದವರಲ್ಲಿ ಅವೇ ರಕ್ತಕ್ಕೆ ಸೇರಿ ತೊಂದರೆ ಕೊಟ್ಟ ಉದಾಹರಣೆಗಳೂ ಇವೆ. ಡಾಕ್ಟರನ್ನು ಕೇಳದೆ ಬೇಡ ಅನ್ನುವುದು ಅದಕ್ಕೇ.

ಈಗ ಈ ವಾರದ ಮಾತು. ಜೋಡಣೆ ಸೋರುವುದು ಸಾಮಾನ್ಯವಾಗಿ ಐದನೇ ದಿನದಿಂದ ಎಂಟು ಹತ್ತನೇ ದಿನದೊಳಗೆ ಗೊತ್ತಾಗುತ್ತದೆ. ಕೆಲವರಲ್ಲಿ ಮನೆಗೆ ಹೋದ ಮೇಲೂ ಆಗುತ್ತದೆ. ನೀವು ಆ ಗಡಿಯೊಳಗೇ ಇದ್ದೀರಿ. ಗದಗ ಕಡೆಯ ಒಬ್ಬ ಅಜ್ಜನನ್ನು ನಾನು ಮರೆತಿಲ್ಲ. ಆರನೇ ದಿನ ಜ್ವರ ಇರಲಿಲ್ಲ, ಮೇಲಿನ ಗಾಯ ಒಣಗಿತ್ತು. ಮಗ ಮಾತ್ರ ನನ್ನ ಹತ್ತಿರ ಬಂದು "ಅಕ್ಕಾರ, ನಮ್ಮಪ್ಪ ಯಾಕೋ ಇವತ್ತ ಬ್ಯಾರೆ ಕಾಣಾಕತ್ತಾನ್ರೀ" ಅಂದ. ಬೇರೆ ಅಂದರೆ ಏನು ಅಂತ ಹೇಳಲು ಅವನಿಗೂ ಬರಲಿಲ್ಲ. ನಾಡಿ ನೋಡಿದೆ, ನಿಮಿಷಕ್ಕೆ 124. ಹೊಟ್ಟೆ ಸ್ವಲ್ಪ ಉಬ್ಬಿತ್ತು. ಆ ಸಂಜೆಯೇ ಸಿಟಿ ಸ್ಕ್ಯಾನ್ ಆಯಿತು, ರಾತ್ರಿ ಮತ್ತೆ ಆಪರೇಷನ್. ಮಲ ಹೊರಬರಲು ಹೊಟ್ಟೆಯ ಮೇಲೆ ದಾರಿ ಮಾಡಿ, ಚೀಲ ಹಾಕಿಸಿಕೊಂಡು ಅಜ್ಜ ಮನೆಗೆ ಹೋದರು. ಕೆಲವು ತಿಂಗಳ ಮೇಲೆ ಆ ದಾರಿಯನ್ನೂ ಮುಚ್ಚಿಸಿಕೊಂಡರು. ಅವತ್ತು ಉಳಿಸಿದ್ದು ಆ ಮಗನ ಕಣ್ಣು.

ಅಪ್ಪನವರ ನಾಡಿ ಸುಮ್ಮನೆ ಮಲಗಿದ್ದಾಗಲೂ ನೂರು ದಾಟಿದರೆ, ಜ್ವರ ಚಳಿ ಬಂದರೆ, ಹೊಟ್ಟೆ ನೋವು ಇಳಿಯುವ ಬದಲು ಏರಿದರೆ, ಹೊಟ್ಟೆ ಉಬ್ಬಿ ಗಾಳಿ ಹೋಗುವುದು ನಿಂತರೆ, ವಾಂತಿ ಆದರೆ, ಮಾತು ತಡಬಡಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಹೊರಡಿ. ಗ್ಯಾಸ್ ಆಗಿರಬೇಕು ಅಂತ ಸೋಡಾ ಕುಡಿಸಿ ಒಂದು ದಿನ ಕಳೆದವರನ್ನು ನೋಡಿದ್ದೇನೆ, ಆ ಒಂದು ದಿನ ಬಹಳ ದುಬಾರಿ.

ಊಟಕ್ಕೆ ಬರೋಣ. ಡಾಕ್ಟರು ಮೆತ್ತನೆಯ ಊಟ ಕೊಡಿ ಅಂದಿದ್ದರೆ ಅನ್ನದ ಗಂಜಿ, ಹೆಸರುಬೇಳೆ ಕಟ್ಟು, ತಿಂದರೆ ಬೇಯಿಸಿದ ಮೊಟ್ಟೆ. ಗಾಯ ಮಾಯಲು ಪ್ರೋಟೀನು ಬೇಕೇ ಬೇಕು. ಬರೀ ಗಂಜಿಯ ಮೇಲೆ ತಿಂಗಳುಗಟ್ಟಲೆ ಇಡಬೇಡಿ. ತೆಳ್ಳಗಿನ ಮಜ್ಜಿಗೆ, ಮನೆಯಲ್ಲಿ ಹೆಪ್ಪು ಹಾಕಿದ ಹೊಸ ಮೊಸರು ಆಗುತ್ತದೆ. ಜೋಳದ ಅಂಬಲಿಯನ್ನು ನುಣ್ಣನೆ ಹಿಟ್ಟಿನಲ್ಲಿ ಮಾಡಿ ಸೋಸಿ ಕೊಡಿ, ಮೊದಲ ದಿನ ಅರ್ಧ ಲೋಟ ಸಾಕು. ರೊಟ್ಟಿ, ಹಸಿ ಉಳ್ಳಾಗಡ್ಡಿ, ಶೇಂಗಾ, ತಪ್ಪಲ ಪಲ್ಯೆ ಈಗಲೇ ಬೇಡ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದ ಮೇಲೆ ಒಂದೊಂದಾಗಿ ಶುರು ಮಾಡುತ್ತಾರೆ. ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾಕ್ಕೆ ನಿಜವಾದ ಮೇವು ಆಗ ಸಿಗುತ್ತದೆ. ನಮ್ಮ ಕಡೆ ಊಟದಲ್ಲಿ ಅದಕ್ಕೇನು ಕೊರತೆ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯೂ ಜೀವನಪೂರ್ತಿ ಬಂದ್ ಅಂತೇನಿಲ್ಲ, ಅಪ್ಪನವರಿಗೆ ಈಗಲೇ ಹೇಳಿಬಿಡಿ, ಮನಸ್ಸಿಗೆ ಸಮಾಧಾನ ಆಗುತ್ತದೆ. ಬೀಡಿ ಮಾತ್ರ ಒಂದೂ ಬೇಡ. ಅದು ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ, ಜೋಡಣೆಗೆ ರಕ್ತ ಸಿಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ದಿನಾ ಸಕ್ಕರೆ ನೋಡಿ ಬರೆದಿಡಿ.

ಇನ್ನೊಂದು. ಬಲಭಾಗ ತೆಗೆಯುವಾಗ ಸಣ್ಣ ಕರುಳಿನ ಕೊನೆಯ ತುಂಡನ್ನೂ ಸೇರಿಸಿ ತೆಗೆದಿರುತ್ತಾರೆ. ಪಿತ್ತರಸದ ಲವಣ ಮತ್ತು ಬಿ12 ವಿಟಮಿನ್ ಹೀರುವುದು ಆ ಕೊನೆಯ ಭಾಗವೇ. ಮುಂದೆ ಅಪ್ಪನವರಿಗೆ ನೀರುನೀರು ಭೇದಿ ಆದರೆ ಒಳ್ಳೆಯ ಬ್ಯಾಕ್ಟೀರಿಯಾ ಹೋಗಿವೆ ಅಂತ ಮತ್ತೊಂದು ಡಬ್ಬಿ ತರಬೇಡಿ. ಅದು ದೊಡ್ಡ ಕರುಳಿಗೆ ಇಳಿದ ಪಿತ್ತದಿಂದ ಇರಬಹುದು, ಅದಕ್ಕೆ ಬೇರೆ ಔಷಧಿ ಇದೆ. ಆಂಟಿಬಯಾಟಿಕ್ ಆದ ಮೇಲೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾ ಬೆಳೆದೂ ಭೇದಿ ಆಗಬಹುದು. ಅದನ್ನು ಮಲ ಪರೀಕ್ಷೆಯಲ್ಲಿ ಕಂಡುಹಿಡಿಯುತ್ತಾರೆ. ಮುಂದಿನ ಸಲ ತೋರಿಸಲು ಹೋದಾಗ ಸಣ್ಣ ಕರುಳು ಎಷ್ಟು ತೆಗೆದಿರಿ, ಬಿ12 ಯಾವಾಗ ನೋಡಿಸಬೇಕು, ತೆಗೆದ ಕರುಳಿನ ಬಯಾಪ್ಸಿ ರಿಪೋರ್ಟ್ ಬಂತಾ ಅಂತ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆ ಡಬ್ಬಿಯನ್ನೂ ಒಯ್ದು ತೋರಿಸಿ.