ಬ್ಯಾರಿ ಹಂಫ್ರೀಸ್ ಅವರ ‘ಸರ್ ಲೆಸ್ ಪ್ಯಾಟರ್ಸನ್’ ಪಾತ್ರ ಅಷ್ಟೊಂದು ಹೊಲಸಾಗಿ ಯಾಕಿತ್ತು?

ಸರ್ ಲೆಸ್ ಅನ್ನು ಆಸ್ಟ್ರೇಲಿಯಾದ ಹಾಸ್ಯನಟ ಹಂಫ್ರೀಸ್ 1974ರಲ್ಲಿ ವೇದಿಕೆಗೆ ತಂದರು. ಪಾತ್ರದ ಹುದ್ದೆ ನೋಡಿ: ಹೊರದೇಶಗಳಲ್ಲಿ ಆಸ್ಟ್ರೇಲಿಯಾದ ಸಂಸ್ಕೃತಿಯನ್ನು ಪ್ರತಿನಿಧಿಸುವ ಸರ್ಕಾರಿ ಅಧಿಕಾರಿ! ಆದರೆ ಹಲ್ಲು ಹಳದಿ, ಟೈ ತುಂಬಾ ಊಟದ ಕಲೆ, ಕೈಯಲ್ಲಿ ಗ್ಲಾಸು. ಬಾಯಿ ತೆರೆದರೆ ಮುಂದಿನ ಸಾಲಿನವರ ಮೇಲೆ ಎಂಜಲಿನ ತುಂತುರು, ಜೊತೆಗೆ ಪೋಲಿ ಜೋಕು. ಇದೆಲ್ಲ ಸುಮ್ನೆ ಅಸಹ್ಯ ಹುಟ್ಟಿಸಲು ಅಲ್ಲ. ಕಲೆಯ ಗಂಧವೇ ಇಲ್ಲದವರು ಕಲೆಯ ಹೆಸರಲ್ಲಿ, ಜನರ ದುಡ್ಡಲ್ಲಿ ಮೆರೆದರೆ ಹೇಗಿರುತ್ತದೆ ಎಂದು ತೋರಿಸುವುದೇ ಅದರ ಕೆಲಸ. ಹಂಫ್ರೀಸ್ ಅವರದೇ ಇನ್ನೊಂದು ಪಾತ್ರ ಡೇಮ್ ಎಡ್ನಾ ನಗುತ್ತಲೇ ಚುಚ್ಚುತ್ತಿದ್ದಳು. ಲೆಸ್‌ಗೆ ಆ ನಾಜೂಕಿಲ್ಲ.

1987ರಲ್ಲಿ ಈ ಪಾತ್ರದ ಸಿನಿಮಾನೂ ಬಂತು, ಓಡಲಿಲ್ಲ. ಎದುರು ಕೂತವರ ಮುಜುಗರವೇ ಲೆಸ್‌ನ ಜೀವ ಅಲ್ವಾ? ತೆರೆಯ ಮೇಲೆ ಅದು ಸಿಗುವುದು ಕಷ್ಟ.