ಒಂದು ವರ್ಷ ನೆರೆ, ಇನ್ನೊಂದು ವರ್ಷ ಬರ: ಇದು ಹವಾಮಾನ ಬದಲಾವಣೆಯೇ?

ಧಾರವಾಡ ಜಿಲ್ಲೆಯ ನವಲಗುಂದದ ಕಡೆ 2019ರಲ್ಲಿ ನೆರೆ, 2023ರಲ್ಲಿ ಬರ. ಇದೆಲ್ಲ ಮೊದಲಿಂದಲೂ ಇದ್ದದ್ದೇ ಅಲ್ಲವೇ ಎಂದು ಕೇಳಿದ್ದೀರಿ. ಬರ ನಮಗೆ ಹೊಸದಲ್ಲ, ಖರೆ. ಆದರೆ ಮಳೆ ಬೀಳುವ ರೀತಿ ಬದಲಾಗುತ್ತಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹೊಲದ ಹಸಿಯನ್ನು ಬೇಗ ಹೀರುತ್ತದೆ, ಸುರಿದರೆ ಒಮ್ಮೆಲೇ ಸುರಿಯುತ್ತದೆ. ಭೂಮಿಯ ಸರಾಸರಿ ಉಷ್ಣಾಂಶ ಈಗಾಗಲೇ 1 ಡಿಗ್ರಿಗಿಂತ ಹೆಚ್ಚು ಏರಿದೆ.

ಹೆಸರು ಬೆಳೆಯನ್ನೇ ನೋಡಿ. ಆಗಸ್ಟಿನಲ್ಲಿ ಕಾಯಿ ಬಿಡಿಸುವ ಹೊತ್ತಿಗೆ ನಾಲ್ಕು ದಿನ ಜಡಿಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಕಪ್ಪು ಮಣ್ಣಿನ ಎರೆ ಹೊಲಕ್ಕೆ ಕಾಲಿಡಲೂ ಆಗುವುದಿಲ್ಲ. ವರ್ಷದ ಒಟ್ಟು ಮಳೆಯ ಲೆಕ್ಕ ಮಾತ್ರ ಕಾಗದದಲ್ಲಿ ‘ವಾಡಿಕೆಯಷ್ಟು’ ಎಂದೇ ಇರಬಹುದು!

ಪೆಟ್ಟು ತಾಳಿಕೊಳ್ಳಲು ಬದು, ಕೃಷಿ ಹೊಂಡ ಬೇಕು, ಬೆಣ್ಣಿಹಳ್ಳದ ಹೂಳು ತೆಗೆಯಬೇಕು. ಪೆಟ್ಟೇ ಕಮ್ಮಿಯಾಗಬೇಕಾದರೆ ಭೂಮಿಯನ್ನು ಬಿಸಿ ಮಾಡುತ್ತಿರುವ ಕಲ್ಲಿದ್ದಲು, ಡೀಸೆಲ್ ಸುಡುವುದು ಇಳಿಯಬೇಕು. ಕಲ್ಲಿದ್ದಲು ಸುಡದೆ ಕರೆಂಟ್ ಕೊಡುವ ಗದಗದ ಗಾಳಿಯಂತ್ರಗಳು ಆ ಕೆಲಸದ ಒಂದು ಪಾಲು. ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದನ್ನು ನಾನು ಇದರಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅಂದಹಾಗೆ, ಹೆಸರು ಬಿತ್ತಿದ್ದರೆ ಬೆಳೆವಿಮೆ ತುಂಬಿಬಿಡಿ, ಗಡುವು ಸಾಮಾನ್ಯವಾಗಿ ಜುಲೈನಲ್ಲೇ ಮುಗಿಯುತ್ತದೆ.