ಹಳೇ ರೈಫಲ್ ಕೊಳ್ಳುವಾಗ ಮೊದಲು ನಳಿಗೆ ನೋಡಿ

ಪ್ರಶ್ನೆ: ನಾನಿರುವ ದೇಶದಲ್ಲಿ ಜಿಂಕೆ ಬೇಟೆಗೆ ಅನುಮತಿ ಇದೆ, ಲೈಸೆನ್ಸ್ ಮಾಡಿಸಿಕೊಂಡಿದ್ದೇನೆ. ಹೊಸ ರೈಫಲ್ ಕೈಗೆಟುಕುತ್ತಿಲ್ಲ. ಸೆಕೆಂಡ್ ಹ್ಯಾಂಡ್ ಬೆಲೆಯೂ ಏರುತ್ತಿದೆ. ಕಡಿಮೆ ದುಡ್ಡಿಗೆ ಒಳ್ಳೆಯದು ಸಿಗುತ್ತದೆಯೇ? ಏನೇನು ನೋಡಬೇಕು?

ಉತ್ತರ: ಖಂಡಿತ ಸಿಗುತ್ತದೆ. ಆದರೆ ಎಲ್ಲರೂ ಹುಡುಕುವ ಹೆಸರಿನ ಹಿಂದೆ ಹೋಗಬೇಡಿ. ವಿಂಚೆಸ್ಟರ್ ಮಾಡೆಲ್ 70 ರೈಫಲನ್ನೇ ಉದಾಹರಣೆಗೆ ತಗೊಳ್ಳಿ. 1964ರಲ್ಲಿ ಕಂಪನಿ ಅದನ್ನು ತಯಾರಿಸುವ ರೀತಿ ಬದಲಿಸಿತು. ಅದಕ್ಕೂ ಮೊದಲಿನವಕ್ಕೆ ಸಂಗ್ರಹಕಾರರು ಮುಗಿಬೀಳುತ್ತಾರೆ, ಬೆಲೆಯೂ ಹಾಗೇ ಇರುತ್ತದೆ. ಬೇಟೆಗೆ ಅದೇ ಬೇಕೆಂದೇನಿಲ್ಲ. 1958ರಿಂದ ಬರುತ್ತಿರುವ ಸ್ಯಾವೇಜ್ 110 ನೋಡಲು ಸಾದಾ, ಗುರಿಯಲ್ಲಿ ಮೋಸವಿಲ್ಲ. ನಳಿಗೆ ಸವೆದರೂ ಅದನ್ನು ಬದಲಿಸುವುದು ಸುಲಭ.

ಹಿಡಿಯ ಮೇಲೆ ಗೀರು, ಮಾಸಿದ ಪಾಲಿಶ್ ಇದ್ದರೆ ಒಳ್ಳೆಯದೇ, ಚೌಕಾಸಿ ಮಾಡಿ. ದುಡ್ಡು ಕೊಡಬೇಕಾದ್ದು ನಳಿಗೆಯ ಒಳಭಾಗಕ್ಕೆ. ರೈಫಲ್ ಖಾಲಿ ಇದೆಯೇ ಅಂತ ನೀವೇ ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ, ಹಿಂದೆ ಮುಂದೆ ಜಾರುವ ಭಾಗ) ಹೊರಗೆಳೆದು, ಒಣ ಬಟ್ಟೆಯಿಂದ ನಳಿಗೆ ಒರೆಸಿಸಿ. ಎಣ್ಣೆ ಹಚ್ಚಿದ್ದರೆ ತುಕ್ಕು ತಿಂದ ಗುಳಿ ಕಾಣುವುದಿಲ್ಲ. ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗಿನ ತಿರುವು ಗೆರೆಗಳ ಅಂಚು ಚೂಪಾಗಿ, ತುದಿಯವರೆಗೂ ಒಂದೇ ಸಮ ಕಾಣಬೇಕು. ಕೊನೆಗೆ ಕಿವಿಗೆ ಹಾಕುವ ಹತ್ತಿಕಡ್ಡಿ ತಗೊಂಡು ನಳಿಗೆ ಬಾಯಿಯ ಒಳ ಅಂಚಿನ ಸುತ್ತ ಮೆಲ್ಲಗೆ ಆಡಿಸಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಅಂಚು ಮುಕ್ಕಾಗಿದೆ. ಗುಂಡು ಹೊರಬೀಳುವ ಜಾಗ ಅದೇ ಅಲ್ವಾ, ಅಲ್ಲಿ ಕೆಟ್ಟರೆ ಗುರಿ ಹಾಳು. ಅಂಚನ್ನು ಹೊಸದಾಗಿ ಕತ್ತರಿಸಿ ಸರಿಮಾಡಬಹುದು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಟ್ರಿಗರ್ ಪರೀಕ್ಷೆ ಬಿಡಲೇಬೇಡಿ. ಬೋಲ್ಟ್ ಮತ್ತೆ ಹಾಕಿ, ಖಾಲಿ ರೈಫಲ್ ಕಾಕ್ ಮಾಡಿ (ಬೋಲ್ಟ್ ಹಿಂದೆಳೆದು ಮುಚ್ಚಿ ಹೊಡೆಯಲು ಸಿದ್ಧ ಮಾಡಿ), ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಡಿ. ಈಗ ಸೇಫ್ಟಿ ತೆಗೆಯಿರಿ. ತಾನಾಗಿ 'ಟಕ್' ಅಂದರೆ ಬೇಡವೇ ಬೇಡ. ರೆಮಿಂಗ್ಟನ್ 700 ಸಿಕ್ಕರೆ ತಯಾರಾದ ವರ್ಷ ಕೇಳಿ. 2006ರಿಂದ 2014ರ ಏಪ್ರಿಲ್‌ವರೆಗಿನ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ಗಳನ್ನು ಕಂಪನಿಯೇ ರಿಪೇರಿಗೆ ವಾಪಸ್ ಕರೆದಿತ್ತು. ಸರಿಮಾಡಿಸಿದ್ದಾರೋ ಇಲ್ಲವೋ ತಿಳಿದುಕೊಳ್ಳಿ.

ತೋಟಾ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಪರೂಪದ ಕ್ಯಾಲಿಬರಿನ (ತೋಟಾ ಅಳತೆಯ) ರೈಫಲ್ ಅಗ್ಗವಾಗಿ ಸಿಗುತ್ತದೆ, ಆಮೇಲೆ ತೋಟಾಗೆ ಅಲೆದಾಟ. .308, .30-06, .270 ಆದರೆ ಆ ಗೋಳಿಲ್ಲ. ಬೇಟೆ ಸೀಸನ್ ಮುಗಿದ ಮೇಲೆ ಕೇಳಿ, ಮಾರುವವರು ಆಗ ಬೆಲೆ ಇಳಿಸಲು ಒಪ್ಪುವುದು ಜಾಸ್ತಿ.

ಪ್ರಶ್ನೆ: ಒಬ್ಬರು ಹಳೇ ಸೈನ್ಯದ ರೈಫಲ್ ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಾರೆ. ಬೇಟೆಗೆಂದು ಅದರ ಹಿಡಿ ಕತ್ತರಿಸಿದ್ದಾರೆ. ತಗೊಳ್ಳಲೇ?

ಉತ್ತರ: ಕತ್ತರಿಸಿದ ಮೇಲೆ ಸಂಗ್ರಹಕಾರರಿಗೆ ಅದು ಬೇಡ, ಅದಕ್ಕೇ ಅಗ್ಗ. ಬೇಟೆಗಾರರಿಗೆ ಲಾಭವೇ. ಜರ್ಮನಿಯ ಮೌಸರ್ 98 ಆಗಿದ್ದರೆ ಧೈರ್ಯವಾಗಿ ವಿಚಾರಿಸಿ. ಅಮೆರಿಕ ಸೈನ್ಯದ 1903ರ ಸ್ಪ್ರಿಂಗ್‌ಫೀಲ್ಡ್ ಆಗಿದ್ದರೆ ಸೀರಿಯಲ್ ನಂಬರ್ ನೋಡಿ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದೇ ಆಗಿ ನಂಬರ್ 8,00,000ಕ್ಕಿಂತ ಕಡಿಮೆ ಇದ್ದರೆ ಅದರಲ್ಲಿ ಗುಂಡು ಹಾರಿಸಬೇಡಿ. ಆ ಕಾಲದಲ್ಲಿ ಉಕ್ಕನ್ನು ಕಾಯಿಸಿದ ಹದ ತಪ್ಪಿ ಕೆಲವು ಒಡೆದುಹೋಗಿವೆ. ಯಾವ ಹಳೇ ರೈಫಲ್ ಆದರೂ ಮೊದಲ ಗುಂಡಿಗೂ ಮುಂಚೆ ಬಂದೂಕು ರಿಪೇರಿಯವರ ಹತ್ತಿರ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್ ಮುಂದೆ ತೋಟಾ ಕೂರಲು ಇರುವ ಜಾಗ) ಅಳತೆ ಮಾಡಿಸಿ.